‘ಹಳೇ ಗಾಡೀನ ಗಟ್ಟಿ’ ಎಂಬ ಸುಳ್ಳು

ಹಾವೇರಿ ಜಿಲ್ಲೆಯಲ್ಲಿ ಹಾನಗಲ್ಲಿನ ಚಹಾದಂಗಡಿಯಿಂದ ಹಿರೇಕೆರೂರಿನ ಸಂತೆಯವರೆಗೆ, ಶಿಗ್ಗಾವಿಯ ಗ್ಯಾರೇಜಿನಿಂದ ಸವಣೂರಿನ ಎಲೆಪೇಟೆಯವರೆಗೆ, ಮೋಟಾರ್‌ಸೈಕಲ್ಲಿನ ಮಾತು ಬಂದರೆ ಸಾಕು, ಒಂದೇ ತೀರ್ಪು ಕೇಳಿಸುತ್ತದೆ: ‘ಗಾಡಿ ಅಂದ್ರ ಆವಾಗಿನವು. ಈಗಿನವು ಬರೇ ಪ್ಲಾಸ್ಟಿಕ್, ಬರೇ ವೈರು. ಎರಡು ಮೂರು ಲಕ್ಷ ರೊಕ್ಕ ಸುರೀರಿ, ಅರ್ಧ ದಾರ್ಯಾಗ ಕೈ ಕೊಡ್ತಾವ.’ ಎಜ್ಡಿ ಓಡಿಸಿದ ಹಿರಿಯರು ಹೀಗೆ ಹೇಳುತ್ತಾರೆ. ಆರ್‌ಎಕ್ಸ್ 100 ಅನ್ನು ಇನ್ನೂ ಒರೆಸಿ ಇಟ್ಟುಕೊಂಡವರು ಹೇಳುತ್ತಾರೆ. ಆರ್‌ಎಕ್ಸ್ ತಯಾರಿಕೆ ನಿಂತ ಮೇಲೆ ಹುಟ್ಟಿದ ಹುಡುಗರೂ ಈಗ ಅದನ್ನೇ ಹೇಳುತ್ತಾರೆ.

ಈ ತೀರ್ಪು ತಪ್ಪು. ಹಳೆಯದರ ಮೇಲಿನ ಮಮತೆ ಎಂದು ಸುಮ್ಮನೆ ಬಿಡಬಹುದಾದ ತಪ್ಪೂ ಅಲ್ಲ. ಗಾಡಿ ದುಬಾರಿಯಾಗಲು, ರಿಪೇರಿ ಕೈಗೆಟುಕದಂತಾಗಲು ಯಾರು ಕಾರಣರೋ ಅವರೆಲ್ಲರನ್ನೂ ಇದು ಪಾರು ಮಾಡುತ್ತದೆ. ಎಂಜಿನ್ನೇ ಕೆಟ್ಟದ್ದು ಎಂದು ನಾವು ಒಪ್ಪಿಕೊಂಡ ಮೇಲೆ ಕಂಪನಿಯನ್ನು ಕೇಳುವುದೇನು, ಸರ್ಕಾರವನ್ನು ಕೇಳುವುದೇನು?

ಹಳೆಯ ಗಾಡಿಯಿಂದಲೇ ಶುರು ಮಾಡೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿ 1996ರಲ್ಲಿ ಬಾಗಿಲು ಹಾಕಿತು. ನಮ್ಮ ನಾಡಿನಲ್ಲೇ ತಯಾರಾದ ಎಜ್ಡಿಯ ಮೇಲೆ ನನಗೂ ಅಭಿಮಾನವಿದೆ. ಒಂದೇ ಲಿವರಿನಲ್ಲಿ ಕಿಕ್ಕೂ ಹೊಡೆದು ಗೇರೂ ಹಾಕುವ ಆ ವಿನ್ಯಾಸ ಇವತ್ತಿಗೂ ಸೊಗಸು. ಆದರೆ ಅದರೊಂದಿಗಿನ ದಿನನಿತ್ಯದ ಬಾಳುವೆ ಹೇಗಿತ್ತು ಎಂಬುದನ್ನು ಹಿರಿಯರು ಮರೆತಿದ್ದಾರೆ. ಪೆಟ್ರೋಲಿಗೆ ಎಣ್ಣೆ ಅಳೆದು ಬೆರೆಸಬೇಕಿತ್ತು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಸೀಜ್, ಹೆಚ್ಚಾದರೆ ಪ್ಲಗ್ಗಿಗೆ ಮಸಿ. ಪ್ಲಾಟಿನಂ ಪಾಯಿಂಟ್ ಉಜ್ಜಿ ಅಂತರ ಸರಿಮಾಡಬೇಕು, ಸೈಲೆನ್ಸರ್ ಬಿಚ್ಚಿ ಇಂಗಾಲ ಕೆರೆಯಬೇಕು. ದೂರ ಹೊರಟರೆ ಒಂದು ಸ್ಪೇರ್ ಪ್ಲಗ್ಗೂ ಅದನ್ನು ಬಿಚ್ಚುವ ಪಾನಾವೂ ಜೊತೆಗಿರಲೇಬೇಕು. ಕೆಲವು ವರ್ಷ ಓಡಿತೋ, ಸಿಲಿಂಡರ್ ಬೋರ್ ಹೊಡೆಸಿ ಹೊಸ ಪಿಸ್ಟನ್ ಸೆಟ್ ಹಾಕಿಸಬೇಕು. ಇಂದಿನ ಯಾವುದಾದರೂ ಗಾಡಿ ಇಷ್ಟು ಸೇವೆ ಕೇಳಿದ್ದರೆ ನಾವು ಅದನ್ನು ಶೋರೂಮಿನ ಬಾಗಿಲಲ್ಲೇ ಬಿಟ್ಟು ಬರುತ್ತಿದ್ದೆವು.

ಇನ್ನು ಅಂದಿನ ನಿಜವಾದ ಸ್ಪೋರ್ಟ್ಸ್ ಬೈಕ್. ಯಮಾಹಾ ಆರ್‌ಡಿ 350 ಅನ್ನು ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ರಾಜದೂತ್ ಹೆಸರಿನಲ್ಲಿ ಇಲ್ಲಿಗೆ ತಂದಿತು. ಎರಡು ಸಿಲಿಂಡರು, ಸುಮಾರು 30 ಅಶ್ವಶಕ್ತಿ. ಜಪಾನಿನ ಮೂಲ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ನಮಗೆ ಸಿಕ್ಕಿದ್ದು ಡ್ರಮ್ ಬ್ರೇಕ್. ಅಷ್ಟು ವೇಗದ ಗಾಡಿಗೆ ಆ ಬ್ರೇಕು ಸಾಲದು. ಅದು ಪೆಟ್ರೋಲ್ ಕುಡಿಯುತ್ತದೆ, ಸಾಮಾನು ಸಿಗುವುದಿಲ್ಲ, ಸಿಕ್ಕರೂ ದುಬಾರಿ ಎಂದು ಅಂದಿನ ಜನ ದೂರಿದರು. ಮಾರಾಟ ಏಳಲೇ ಇಲ್ಲ, ಕೊನೆಗೆ ತಯಾರಿಕೆಯೇ ನಿಂತಿತು. ಇಂದು ಅದೇ ಗಾಡಿಯನ್ನು ಹುಡುಕಿ ಲಕ್ಷಗಟ್ಟಲೆ ಕೊಡುವವರಿದ್ದಾರೆ. ಗಾಡಿ ಅದೇ, ಅದರ ಬಗೆಗಿನ ಮಾತು ಮಾತ್ರ ತಿರುಗಿಬಿದ್ದಿದೆ. ಇಂದಿನ ಗಾಡಿಯ ಮೇಲೆ ಹೊರಿಸುತ್ತಿರುವ ದೂರುಗಳನ್ನೇ ಅಂದು ಆರ್‌ಡಿಯ ಮೇಲೂ ಹೊರಿಸಿದ್ದರು ಎಂಬುದು ಯಾರ ನೆನಪಿನಲ್ಲೂ ಉಳಿದಿಲ್ಲ.

ಕಣ್ಣಿಗೆ ಬೀಳುವ ಹತ್ತು ಹಳೇ ಗಾಡಿಗಳನ್ನು ನೋಡಿ ಆ ಕಾಲದ್ದೆಲ್ಲ ಗಟ್ಟಿ ಎನ್ನುವುದೂ ಸಲ್ಲದು. ಉಳಿದಿದ್ದು ಜತನದಿಂದ ಇಟ್ಟುಕೊಂಡವರ ಗಾಡಿಗಳು. ಮಿಕ್ಕವೆಲ್ಲ ಎಂದೋ ತೂಕಕ್ಕೆ ಗುಜರಿ ಸೇರಿ ಕರಗಿಹೋದವು, ಅವು ಸಾಕ್ಷಿ ಹೇಳಲು ಬರುವುದಿಲ್ಲ. ಉಳಿದ ಆರ್‌ಎಕ್ಸ್ 100ರ ಒಳಗಾದರೂ 1996ಕ್ಕೆ ಮುಂಚಿನದು ಎಷ್ಟಿದೆ? ಪಿಸ್ಟನ್, ಕ್ರ್ಯಾಂಕಿನ ಬೇರಿಂಗ್, ಕ್ಲಚ್ ಪ್ಲೇಟು, ಕಾಯಿಲ್ಲು, ವೈರಿಂಗು ಎಲ್ಲವನ್ನೂ ಮಿಸ್ತ್ರಿಗಳು ಬದಲಿಸುತ್ತ ಬಂದಿದ್ದಾರೆ. ಅದು ಓಡುತ್ತಿರುವುದು ಅವರ ಕೈಗುಣದಿಂದ. ಇದನ್ನು ನೆನಪಿಡಬೇಕು. ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆಯೇ.

ಈಗ ಬೆಲೆಗೆ ಬರೋಣ. ‘ಒಂದು ಲಕ್ಷಕ್ಕ ಬರ್ತಿದ್ದ ಗಾಡಿ ಎರಡು ಲಕ್ಷ ಆತು’ ಎಂಬುದು ಎಲ್ಲರ ಬಾಯಲ್ಲಿರುವ ಲೆಕ್ಕ. ರೂಪಾಯಿಯ ಅಳತೆ ಬಿಟ್ಟು ನಮ್ಮ ಹೊಲದ ಅಳತೆ ಹಿಡಿದು ನೋಡೋಣ. 2008ರಲ್ಲಿ ಯಮಾಹಾ ಆರ್15 ಬಂದಾಗ ಅದರ ಶೋರೂಮ್ ಬೆಲೆ ಸುಮಾರು 97,500 ರೂಪಾಯಿ. ಆ ವರ್ಷ ಗೋವಿನಜೋಳಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 840. ಅಂದರೆ ಒಂದು ಗಾಡಿಗೆ 116 ಕ್ವಿಂಟಲ್ ಗೋವಿನಜೋಳ. 2021ರಲ್ಲಿ ಅದೇ ಗಾಡಿಯ ನಾಲ್ಕನೇ ಆವೃತ್ತಿ ಬಂದಾಗ ಬೆಲೆ 1.67 ಲಕ್ಷ ದಾಟಿತ್ತು, ಬೆಂಬಲ ಬೆಲೆ 1,870 ಇತ್ತು. ಲೆಕ್ಕ 90 ಕ್ವಿಂಟಲಿಗೆ ಇಳಿಯಿತು. ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಆರ್ 310ರ ಕಥೆಯೂ ಹೀಗೆಯೇ. 2017ರ ಡಿಸೆಂಬರಿನಲ್ಲಿ 2.05 ಲಕ್ಷ, ಆಗಿನ ಬೆಂಬಲ ಬೆಲೆ 1,425ರಲ್ಲಿ 144 ಕ್ವಿಂಟಲ್. 2024ರಲ್ಲಿ 2.75 ಲಕ್ಷ, ಬೆಂಬಲ ಬೆಲೆ 2,225ರಲ್ಲಿ 124 ಕ್ವಿಂಟಲ್. ಎಲ್ಲವೂ ಇಳಿದಿವೆ ಎನ್ನಲಾರೆ. ಕೆಟಿಎಂ 390 ಡ್ಯೂಕ್ 2013ರಲ್ಲಿ 137 ಕ್ವಿಂಟಲಿನ ಗಾಡಿ, 2023ರಲ್ಲಿ 149. ಆದರೆ ‘ಕಂಪನಿಯವರು ಬೆಲೆಯನ್ನು ಮುಗಿಲಿಗೆ ಏರಿಸಿದ್ದಾರೆ’ ಎಂಬ ಸಾರಾಸಗಟು ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಬೆಂಬಲ ಬೆಲೆ ಕಾಗದದ್ದು, ನಮ್ಮ ಕೈಗೆ ಬರುವುದೇ ಬೇರೆ ಎಂದು ಹಿರೇಕೆರೂರಿನ ರೈತ ಎದುರು ಹೇಳಿದರೆ ಅದು ಪೂರ್ತಿ ಸರಿ. 2025ರ ನವೆಂಬರಿನಲ್ಲಿ ಗೋವಿನಜೋಳವನ್ನು ಬೆಂಬಲ ಬೆಲೆ 2,400 ರೂಪಾಯಿಗೆ ಖರೀದಿಸಿ ಎಂದು ಹಾವೇರಿ, ಗದಗ ಸೀಮೆಯ ರೈತರು ಬೀದಿಗಿಳಿಯಬೇಕಾಯಿತು. ಹಾಗಾದರೆ ಸಿಟ್ಟು ಹೋಗಬೇಕಾದ್ದು ಆ ಕಡೆಗೆ. ಬೆಳೆದ ಬೆಳೆಗೆ ಹೇಳಿದ ಬೆಲೆ ಸಿಗದಿರುವುದನ್ನು ಎಂಜಿನ್ನಿನ ಮೇಲೆ ತೀರಿಸಿಕೊಂಡರೆ ಯಾರಿಗೆ ಲಾಭ?

ನಿಜವಾಗಿ ಏರಿದ್ದು ಗಾಡಿಯ ಸುತ್ತ ಕೂತ ಖರ್ಚುಗಳು. ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ದ್ವಿಚಕ್ರ ವಾಹನಕ್ಕೆ ಶೇ 18ರಷ್ಟು ಆಜೀವ ತೆರಿಗೆ, ಅದರ ಮೇಲೆ ಸೆಸ್. ಒಂದು ಲಕ್ಷ ಎಂದರೆ ದೊಡ್ಡ ಶೋಕಿ ಎನ್ನುವ ಕಾಲ ಹೋಗಿ ವರ್ಷಗಳಾದವು. ಇಂದು ಸಾಧಾರಣ ಗಾಡಿಯೂ ಆ ಗೆರೆ ದಾಟುತ್ತದೆ, ತೆರಿಗೆಯ ಗೆರೆ ಮಾತ್ರ ಅಲ್ಲೇ ಇದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರಿನಿಂದ ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. 150ರಿಂದ 350 ಸಿಸಿವರೆಗೆ ಅದು 7,365 ರೂಪಾಯಿ, 350 ದಾಟಿದರೆ 15,117. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಅದೇ 350ರ ಗೆರೆ ಎಳೆದು, ಅದರೊಳಗಿನವಕ್ಕೆ ಶೇ 18, ಮೇಲಿನವಕ್ಕೆ ಶೇ 40 ಎಂದಿತು. 399 ಸಿಸಿಯ ಗಾಡಿ ಈಗ ಬಾಟಲಿಯ ಸಿಹಿ ಸೋಡಾದ ಸಾಲಿನಲ್ಲಿ ನಿಂತಿದೆ. ಒಂದು ಕಡೆ ಬ್ರೇಕ್ ಒತ್ತಿದಾಗ ಗಾಲಿ ಬಿಗಿಯದಂತೆ ತಡೆಯುವ ಎಬಿಎಸ್ ಇರಲಿ, ಹೊಗೆ ಕಡಿಮೆಯಾಗಲಿ ಎಂದು ಸರ್ಕಾರವೇ ಕಟ್ಟುನಿಟ್ಟು ಮಾಡುತ್ತದೆ. ಇನ್ನೊಂದು ಕಡೆ ಅವುಗಳಿಂದ ಏರಿದ ಬೆಲೆಯ ಮೇಲೂ ತೆರಿಗೆ ಎತ್ತುತ್ತದೆ.

ಆ ಕಟ್ಟುನಿಟ್ಟನ್ನು ನಾನು ಪೂರ್ಣ ಮನಸ್ಸಿನಿಂದ ಬೆಂಬಲಿಸುತ್ತೇನೆ. 125 ಸಿಸಿ ದಾಟಿದ ಎಲ್ಲ ಹೊಸ ಗಾಡಿಗಳಿಗೂ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ. ತಡಸದಿಂದ ಹಾನಗಲ್ಲಿಗೆ ಮಳೆಗಾಲದ ಸಂಜೆ, ಟ್ರ್ಯಾಕ್ಟರಿನ ಗಾಲಿಯಿಂದ ಉದುರಿದ ಕೆಸರು ಹರಡಿದ ಡಾಂಬರಿನ ಮೇಲೆ, ಎಮ್ಮೆಯೊಂದು ಅಡ್ಡ ಬಂದಾಗ ಬ್ರೇಕ್ ಒತ್ತಿದ ಹುಡುಗ ಜಾರಿ ಬೀಳದೆ ಮನೆ ಸೇರಿದರೆ ಅದಕ್ಕೆ ಕಾರಣ ‘ಬರೇ ವೈರು’ ಎಂದು ನಾವು ಹೀಗಳೆಯುವ ಸಾಧನವೇ. ಆರ್‌ಎಕ್ಸ್ 100ರ ಡ್ರಮ್ ಬ್ರೇಕಿಗೆ ಆ ಶಕ್ತಿ ಇರಲಿಲ್ಲ. ಆ ಕಾಲದಲ್ಲಿ ಹಾಗೆ ಜಾರಿ ಸತ್ತವರನ್ನು ಹಳೇ ಗಾಡಿಯ ಹೊಗಳಿಕೆಯಲ್ಲಿ ಯಾರೂ ಎಣಿಸುವುದಿಲ್ಲ.

ಎಂಜಿನ್ನುಗಳಂತೂ ಹಿಂದೆಂದಿಗಿಂತ ಬಾಳಿಕೆ ಬರುತ್ತಿವೆ. ಸಿಲಿಂಡರಿನ ಒಳಗೋಡೆಯ ಲೇಪನ, ಎಣ್ಣೆಯ ಗುಣಮಟ್ಟ, ನೀರಿನಿಂದ ತಂಪಾಗುವ ವ್ಯವಸ್ಥೆ, ಇಂಧನವನ್ನು ಹನಿ ಹನಿ ಅಳೆದು ಬಿಡುವ ಇಂಜೆಕ್ಷನ್ ಇವೆಲ್ಲ ಸೇರಿ ಬೋರ್ ಹೊಡೆಸುವ ಮಾತೇ ಅಪರೂಪವಾಗಿದೆ. ದೂರದ ಉದಾಹರಣೆ ಬೇಕಿದ್ದರೆ, ಇಟಲಿಯ ಡುಕಾಟಿ 2020ರಲ್ಲಿ ಹೊರತಂದ ವಿ4 ಗ್ರ್ಯಾನ್‌ಟೂರಿಸ್ಮೊ ಎಂಜಿನ್ನಿನ ವಾಲ್ವ್ ಅಂತರವನ್ನು ತೆಗೆದು ನೋಡಬೇಕಾದ್ದು 60,000 ಕಿ.ಮೀ.ಗೊಮ್ಮೆ. ಅತಿ ವೇಗದ, ಅತಿ ನಾಜೂಕಿನ ಎಂಜಿನ್ನುಗಳಿಗೆ ಹೆಸರಾದ ಕಂಪನಿಯ ಮಾತಿದು.

ಹಾಗಿದ್ದರೂ ಹೊಸ ಗಾಡಿ ದಾರಿಯಲ್ಲಿ ನಿಲ್ಲುವುದು ಸುಳ್ಳಲ್ಲ. ನಿಲ್ಲುತ್ತದೆ. ಬ್ಯಾಟರಿ ಸತ್ತರೆ ಇಂಜೆಕ್ಷನ್ ಗಾಡಿ ಸತ್ತಂತೆ, ಕಿಕ್ ಹೊಡೆಯಲು ಕಿಕ್ಕರೇ ಇಲ್ಲ. ಬಿಸಿಗೆ ರೆಗ್ಯುಲೇಟರ್ ಸುಡುತ್ತದೆ. ಮಳೆಗೆ ಕನೆಕ್ಟರುಗಳಲ್ಲಿ ಕಿಲುಬು ಕೂರುತ್ತದೆ. ನಮ್ಮ ಊರುಗಳಲ್ಲಿ ಇದಕ್ಕಿಂತ ಹೆಚ್ಚು ಕಾಡುವುದು ಇಲಿ. ಗೋವಿನಜೋಳದ ಚೀಲಗಳ ಪಕ್ಕ, ಪಡಸಾಲೆಯಲ್ಲಿ ನಿಲ್ಲಿಸಿದ ಗಾಡಿಯ ಸೀಟಿನಡಿ ಅದು ಸೇರಿಕೊಳ್ಳುತ್ತದೆ, ಬೆಳಗಾಗುವುದರೊಳಗೆ ನಾಲ್ಕು ವೈರು ಕತ್ತರಿಸಿರುತ್ತದೆ. ಹಳೇ ಗಾಡಿಯ ವೈರನ್ನೂ ಇಲಿ ಕಡಿಯುತ್ತಿತ್ತು. ಆಗ ಮಿಸ್ತ್ರಿ ಎರಡು ತುದಿ ಹೆಣೆದು ಟೇಪು ಸುತ್ತಿ ಕಳಿಸುತ್ತಿದ್ದ. ಈಗಲೂ ಅವನು ವೈರು ಜೋಡಿಸಬಲ್ಲ. ಆದರೆ ಜೋಡಿಸಿದ ಮೇಲೂ ಮೀಟರಿನ ಮೇಲೆ ಎಂಜಿನ್ನಿನ ಹಳದಿ ದೀಪ ಉರಿಯುತ್ತಲೇ ಇರುತ್ತದೆ, ಗಾಡಿ ವೇಗ ಹಿಡಿಯುವುದಿಲ್ಲ. ಯಾವ ಸೆನ್ಸರ್ ಏನು ಹೇಳುತ್ತಿದೆ ಎಂದು ಓದಿ, ದೋಷ ಅಳಿಸಿ, ಕೆಲವು ಗಾಡಿಗಳಲ್ಲಿ ಥ್ರಾಟಲ್ಲಿನ ಸ್ಥಾನವನ್ನು ಮತ್ತೆ ಕಲಿಸಿಕೊಡಬೇಕು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಕಂಪನಿಯದು, ಅದನ್ನು ಕೊಡುವುದು ತನ್ನ ಡೀಲರಿಗೆ ಮಾತ್ರ. ಆಗ ಮಿಸ್ತ್ರಿ ಹೇಳುವುದು ಒಂದೇ ಮಾತು: ‘ತಮ್ಮಾ, ಇದು ನಮ್ಮ ಕೈಯಾಗ ಆಗೂದಿಲ್ಲ. ಹುಬ್ಬಳ್ಳಿಗೆ ಹಾಕ್ಕೊಂಡು ಹೋಗು.’

ಹಾಕ್ಕೊಂಡು ಹೋಗುವುದು ಎಂದರೆ ಟಾಟಾ ಏಸ್ ಬಾಡಿಗೆ, ಜೊತೆಗೊಬ್ಬರು, ಎರಡು ದಿನದ ಕೂಲಿ. ಅಲ್ಲಿ ಹೋದರೆ ಕಡಿದುಹೋದ ಒಂದು ಎಳೆ ಬಿಡಿಯಾಗಿ ಸಿಗುವುದಿಲ್ಲ, ಇಡೀ ವೈರಿಂಗ್ ಸೆಟ್ ತಗೋ ಎನ್ನುತ್ತಾರೆ. ಹಾನಗಲ್ಲಿನ ಗ್ಯಾರೇಜಿನಲ್ಲಿ ಮಧ್ಯಾಹ್ನದೊಳಗೆ ಮುಗಿಯಬೇಕಾದ ಕೆಲಸ ಹೀಗೆ ವಾರ ಹಿಡಿಯುತ್ತದೆ. ಅದನ್ನು ನೋಡಿದ ಊರು ‘ಹೊಸ ಗಾಡಿ ಕೆಟ್ಟದ್ದು’ ಎನ್ನುತ್ತದೆ. ಗಾಡಿ ಕೆಟ್ಟಿದ್ದು ಒಂದು ವೈರಿನಷ್ಟು. ಉಳಿದ ಆರು ದಿನದ ಹೊಣೆ ಸಾಫ್ಟ್‌ವೇರಿಗೆ ಬೀಗ ಹಾಕಿದವರದು.

ಎಜ್ಡಿಗೂ ಇಂದಿನ ಗಾಡಿಗೂ ಇರುವ ನಿಜವಾದ ಅಂತರ ಇಷ್ಟೇ. ಎಜ್ಡಿ ಪದೇ ಪದೇ ಕೆಡುತ್ತಿತ್ತು, ಆದರೆ ಅದನ್ನು ತೆರೆಯಬಲ್ಲವನು ಪ್ರತಿ ಹೋಬಳಿಯಲ್ಲೂ ಇದ್ದ. ಇಂದಿನದು ಕೆಡುವುದು ಕಡಿಮೆ, ಕೆಟ್ಟಾಗ ತೆರೆಯುವ ಹಕ್ಕು ಡೀಲರನ್ನು ಬಿಟ್ಟು ಯಾರಿಗೂ ಇಲ್ಲ. ಮಿಸ್ತ್ರಿಗೆ ಬುದ್ಧಿ ಸಾಲದು ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಪುಸ್ತಕವಿಲ್ಲದೆ, ತರಗತಿಯಿಲ್ಲದೆ, ಸದ್ದು ಕೇಳಿಯೇ ಬೇರಿಂಗಿನ ದೋಷ ಹೇಳುವವರು ಮೂರು ತಿಂಗಳಲ್ಲಿ ಸ್ಕ್ಯಾನರ್ ಕಲಿಯುತ್ತಾರೆ, ಕೊಟ್ಟರೆ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೇರಿಸಿದ ರಾಜ್ಯದ 150 ಸರ್ಕಾರಿ ಐಟಿಐಗಳನ್ನು 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಅದು 4,600 ಕೋಟಿ ರೂಪಾಯಿಗೂ ಮಿಕ್ಕಿದ ಯೋಜನೆ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಶಿಗ್ಗಾವಿಯ ಶಾಸಕರೇ ಆಗಿದ್ದರು. ಒಳ್ಳೆಯ ಯೋಜನೆ. ಆದರೆ ಹೊಸ ಯಂತ್ರಗಳ ಮೇಲೆ ಕಲಿತ ಹುಡುಗ ಸವಣೂರಿನಲ್ಲಿ ಸ್ವಂತ ಗ್ಯಾರೇಜು ತೆರೆದರೆ, ಕಂಪನಿಯ ಸಾಫ್ಟ್‌ವೇರ್ ಅವನಿಗೂ ಸಿಗುವುದಿಲ್ಲ. ಅವನಿಗೆ ಉಳಿಯುವ ದಾರಿ ಊರು ಬಿಟ್ಟು ಹುಬ್ಬಳ್ಳಿಯದೋ ಬೆಂಗಳೂರಿನದೋ ಡೀಲರ್ ಬಳಿ ಸಂಬಳಕ್ಕೆ ಸೇರುವುದು.

ಹುಡುಗರ ಶೋಕಿಯೇ ಇದಕ್ಕೆಲ್ಲ ಕಾರಣ ಎನ್ನುವವರಿಗೂ ಎರಡು ಮಾತು. ಸೈಲೆನ್ಸರ್ ಕತ್ತರಿಸಿ ಕಿವಿ ಕಿತ್ತುಹೋಗುವಂಥದ್ದು ಹಾಕಿಸುವ, ಮೂಲ ವೈರಿಂಗಿಗೆ ಚುಚ್ಚಿ ಸಿಕ್ಕಸಿಕ್ಕ ಲೈಟು ಹಾರ್ನು ಜೋಡಿಸುವ ಹುಡುಗರನ್ನು ನಾನು ಸಮರ್ಥಿಸುವುದಿಲ್ಲ. ಆಕ್ಸಿಜನ್ ಸೆನ್ಸರಿನ ಲೆಕ್ಕ ತಪ್ಪಿಸಿ ಆಮೇಲೆ ಗಾಡಿ ಸರಿಯಿಲ್ಲ ಎಂದರೆ ಅದು ಅವರದೇ ತಪ್ಪು. ಆದರೆ ದೀಪಾವಳಿಯ ನಂತರದ ಹೋರಿ ಹಬ್ಬಗಳಲ್ಲಿ ಗೆದ್ದ ಹೋರಿಗೆ ಬೈಕನ್ನೇ ಬಹುಮಾನವಾಗಿ ನಿಲ್ಲಿಸಿ ಇಡೀ ಊರು ಸಿಳ್ಳೆ ಹೊಡೆಯುವ ಸೀಮೆ ಇದು. ಒಳ್ಳೆಯ ಗಾಡಿಯ ಆಸೆ ಈ ಹುಡುಗರು ಎಲ್ಲಿಂದಲೋ ತಂದದ್ದಲ್ಲ. ಆ ಆಸೆ ಅಪರಾಧವೂ ಅಲ್ಲ.

ಇಂಧನದ ವಿಷಯದಲ್ಲೂ ಗಾಡಿಯೇ ಬೈಗುಳ ತಿನ್ನುತ್ತಿದೆ. 2030ಕ್ಕೆ ಎಂದಿದ್ದ ಶೇ 20 ಎಥೆನಾಲ್ ಮಿಶ್ರಣದ ಗುರಿಯನ್ನು ಕೇಂದ್ರ ಸರ್ಕಾರ 2025ಕ್ಕೆ ಹಿಂದಕ್ಕೆಳೆದು ತಂದಿತು. ಆ ಎಥೆನಾಲಿನ ಒಂದು ಪಾಲು ಗೋವಿನಜೋಳದಿಂದಲೇ ಬರುತ್ತದೆ. ನಮ್ಮ ಹೊಲದ ಬೆಳೆ ನಮ್ಮ ಗಾಡಿಯ ಟ್ಯಾಂಕಿಗೆ ಬರುವುದು ನನಗೆ ಸಂತೋಷವೇ. ಆದರೆ ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗಗಳು, ಗ್ಯಾಸ್ಕೆಟ್ಟುಗಳನ್ನು ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ ಒಪ್ಪಿದೆ. ಮೈಲೇಜ್ ಸ್ವಲ್ಪ ಇಳಿಯುವುದನ್ನೂ ಒಪ್ಪಿದೆ. 2015ರಲ್ಲಿ ಕೊಂಡ ಗಾಡಿಯ ಫ್ಯೂಯಲ್ ಪೈಪು ಇಂದು ಬಿರುಕು ಬಿಟ್ಟರೆ ಮಾಲೀಕನು ಕಂಪನಿಗೆ ಶಾಪ ಹಾಕುತ್ತಾನೆ. ಪಂಪಿನಲ್ಲಿ ಇಂಧನ ಬದಲಾದದ್ದನ್ನು ಅವನಿಗೆ ಯಾರೂ ನೆಟ್ಟಗೆ ಹೇಳಿಲ್ಲ, ಹಳೆಯ ಇಂಧನ ಬೇಕೆಂದರೆ ಅದೂ ಸಿಗುವುದಿಲ್ಲ. ಎಥೆನಾಲ್ ನೀರು ಹೀರುವ ಗುಣದ್ದು. ಹಳೆಯ ಗಾಡಿಗಳ ತಗಡಿನ ಟ್ಯಾಂಕು, ಕಾರ್ಬುರೇಟರುಗಳಿಗೆ ಅದರ ಪೆಟ್ಟು ಇನ್ನೂ ಹೆಚ್ಚು ಎಂಬುದನ್ನು ಆರ್‌ಎಕ್ಸ್ ಅಭಿಮಾನಿಗಳೂ ಗಮನಿಸಬೇಕು.

ರಿಪೇರಿಗೆ ಹಾಕಿದ ಈ ಬೀಗ ತೆಗೆಯುವ ದಾರಿ ಇಲ್ಲವೇ? ಇದೆ, ಅರ್ಧ ತೆರೆದೇ ಇದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದೇ ಆರೋಪ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಬಾರದು ಎಂದೂ ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು, ದಂಡದ ವ್ಯಾಜ್ಯ ಎಳೆಯಿತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ಗಾಗಿ ಸಮಿತಿ ಮಾಡಿ, ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ಸಾಮಾನುಗಳ ಜೊತೆ ವಾಹನಗಳನ್ನೂ ಪಟ್ಟಿಗೆ ಸೇರಿಸಿತು. ಒಂದು ಜಾಲತಾಣವನ್ನೂ ತೆರೆಯಿತು. ಕಂಪನಿಗಳನ್ನು ಕಟ್ಟಿಹಾಕುವ ಕಾನೂನು ಮಾತ್ರ ಬರಲಿಲ್ಲ. ಯುರೋಪ್ ಒಕ್ಕೂಟ 2013ರಲ್ಲಿ ಮಾಡಿದ ದ್ವಿಚಕ್ರ ವಾಹನಗಳ ನಿಯಮದಲ್ಲೇ, ರಿಪೇರಿಯ ಮಾಹಿತಿಯನ್ನು ಡೀಲರಿಗೆ ಕೊಟ್ಟಂತೆ ಸ್ವತಂತ್ರ ಮೆಕ್ಯಾನಿಕ್ಕಿಗೂ ಕೊಡಬೇಕೆಂದು ಬರೆದಿದೆ. ಅಲ್ಲಿಯೂ ಇಲ್ಲಿಯೂ ಗಾಡಿ ಮಾರುವ ಕಂಪನಿಗಳಿವೆ. ಅಲ್ಲಿ ಕೊಡುವುದನ್ನು ಇಲ್ಲಿ ಕೊಡಲಾಗದು ಎನ್ನಲು ಅವಕ್ಕೆ ಯಾವ ಕಾರಣವೂ ಇಲ್ಲ.

ಸಾಫ್ಟ್‌ವೇರ್ ಹೊರಗೆ ಕೊಟ್ಟರೆ ಸುರಕ್ಷತೆ ಹಾಳಾಗುತ್ತದೆ, ಅದು ನಮ್ಮ ಬೌದ್ಧಿಕ ಆಸ್ತಿ ಎಂಬುದು ಕಂಪನಿಗಳ ಹಳೆಯ ವಾದ. ಬೌದ್ಧಿಕ ಆಸ್ತಿಯ ವಾದವನ್ನು 2014ರಲ್ಲೇ ಆಯೋಗ ತಳ್ಳಿಹಾಕಿದೆ. ಸುರಕ್ಷತೆಯ ವಿಷಯದಲ್ಲಿ, ದೋಷದ ಕೋಡು ಓದಲಾಗದೆ ಅಂದಾಜಿನಲ್ಲಿ ಎಬಿಎಸ್ ವೈರು ಬಿಚ್ಚಿಟ್ಟು ಓಡಿಸುವುದೇ ಹೆಚ್ಚು ಅಪಾಯ. ಅಂದು ಆಯೋಗದ ಮುಂದೆ ನಿಂತದ್ದು ಕಾರು ಕಂಪನಿಗಳು, ದ್ವಿಚಕ್ರ ವಾಹನ ಕಂಪನಿಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಅವುಗಳನ್ನು ಅಲ್ಲಿಗೆ ಎಳೆಯಲು ಸ್ಪರ್ಧಾ ಕಾಯ್ದೆಯ 19ನೇ ಕಲಂ ಪ್ರಕಾರ ಯಾರು ಬೇಕಾದರೂ, ಗ್ರಾಹಕರ ಸಂಘವೂ, ಮಾಹಿತಿ ಸಲ್ಲಿಸಬಹುದು. ಒಬ್ಬೊಬ್ಬರ ದೂರಿಗೆ ಇನ್ನೂ ಹತ್ತಿರದ ಬಾಗಿಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗಾಡಿ ಹುಬ್ಬಳ್ಳಿಯಲ್ಲಿ ಕೊಂಡಿದ್ದರೂ ತಾನು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ, ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಇಡೀ ವೈರಿಂಗ್ ಸೆಟ್ ಕೊಳ್ಳಿ ಎಂದ ಬಿಲ್ಲು, ವಾರಂಟಿ ಹೋಯಿತು ಎಂದು ಬರೆದುಕೊಟ್ಟ ಚೀಟಿ, ಟಾಟಾ ಏಸ್ ಬಾಡಿಗೆಯ ರಸೀದಿ, ಇವನ್ನು ಎತ್ತಿಟ್ಟುಕೊಂಡವರು ಹಾನಗಲ್ಲು, ಹಿರೇಕೆರೂರು, ಶಿಗ್ಗಾವಿ, ಸವಣೂರು ಈ ನಾಲ್ಕೂ ತಾಲ್ಲೂಕುಗಳಲ್ಲಿದ್ದಾರೆ. ಮೊದಲ ಅರ್ಜಿ ಅವರಿಂದ ಹೋಗಲಿ.